ಆರೋಗ್ಯದ ಪುಸ್ತಕಕ್ಕೆ ಓದುಗರ ಅಭಿಪ್ರಾಯ

ಕನ್ನಡ ಪುಸ್ತಕಗಳ ಮೊದಲ ಪುಟಗಳನ್ನು ತಿರುವಿ ನೋಡುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಚೆನ್ನಾಗಿ ಪರಿಚಿತವಾಗಿರುತ್ತದೆ. ಲೇಖಕರ ಅರಿಕೆಯಾದ ಮೇಲೆ ಹಿರಿಯರೊಬ್ಬರ ಮುನ್ನುಡಿ, ಅದಾದ ಮೇಲೆ ಮತ್ತೊಬ್ಬರ ಹಾರೈಕೆ, ಹಿಂಬದಿಯ ರಕ್ಷಾಪುಟದಲ್ಲಿ ಬೆನ್ನುಡಿ; ಕೆಲವು ಪುಸ್ತಕಗಳಲ್ಲಂತೂ ‘ಗಣ್ಯರ ಅಭಿಪ್ರಾಯಗಳು’ ಎಂದು ಎರಡು ಮೂರು ಪುಟಗಳೇ ಮೀಸಲು. ಪುಸ್ತಕ ಇನ್ನೂ ಅಚ್ಚಿನ ಮನೆಯಿಂದ ಹೊರಗೆ ಬಂದಿಲ್ಲ, ಕಾಸು ಕೊಟ್ಟು ಕೊಂಡವನು ಒಬ್ಬನೂ ಇಲ್ಲ; ಆಗಲೇ ಅಭಿಪ್ರಾಯಗಳು ಸಿದ್ಧ! ಕವಿತೆಗೋ ಕಾದಂಬರಿಗೋ ಇದರಿಂದ ದೊಡ್ಡ ಕೇಡೇನೂ ಆಗುವುದಿಲ್ಲ. ಹೊಗಳಿಕೆಯನ್ನು ನಂಬಿ ಕಾದಂಬರಿ ಕೊಂಡವನು, ಅದು ರುಚಿಸದಿದ್ದರೆ, ದುಡ್ಡು ಹೋಯಿತೆಂದು ಗೊಣಗಿ ಸುಮ್ಮನಾಗುತ್ತಾನೆ. ಆರೋಗ್ಯದ ಪುಸ್ತಕದ ಮಾತು ಬೇರೆ. ಅದನ್ನು ಓದಿದವನು ಮಾರನೆಯ ದಿನ ಅದರಂತೆ ಉಣ್ಣುತ್ತಾನೆ, ಅದರಂತೆ ಉಪವಾಸವಿರುತ್ತಾನೆ, ಮಾತ್ರೆ ನುಂಗುತ್ತಾನೆ ಅಥವಾ ಬಿಡುತ್ತಾನೆ. ಲೇಖಕರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಇಂಥ ಪುಸ್ತಕಕ್ಕೆ ನಿಜವಾದ ಓದುಗರಿಂದ ನಿಜವಾದ ಅಭಿಪ್ರಾಯವನ್ನು ಪಡೆಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಹೋದ ವರ್ಷ ಅಂಥ ಒಂದು ಕೆಲಸದಲ್ಲಿ ನಾನೂ ಕೈಜೋಡಿಸಿದ್ದೆನಾದ್ದರಿಂದ, ಓದಿ ತಿಳಿದದ್ದರ ಜೊತೆಗೆ ಬೀದಿಯಲ್ಲಿ ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ತನ್ನ ಬರವಣಿಗೆಯ ದೋಷ ತನಗೆ ಕಾಣುವುದಿಲ್ಲವೆಂಬುದು ನಮ್ಮವರು ಬಹಳ ಹಿಂದೆಯೇ ಬಲ್ಲ ಸತ್ಯ. ಕಣ್ಣಿಗೆ ತಾನು ಹಚ್ಚಿಕೊಂಡ ಕಾಡಿಗೆ ಕಾಣದು ಎಂಬ ಹೋಲಿಕೆ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಬರುತ್ತದೆ. ನಮ್ಮ ತರಗತಿಯಲ್ಲಿ ಅದನ್ನು ಓದಿದವರಿಗೆ ನೆನಪಿರಬಹುದು. ಕವಿಗೆ ಆ ಕಾಡಿಗೆಯನ್ನು ತೋರಿಸಲು ರಾಜಸಭೆಯಿತ್ತು, ಪಂಡಿತರಿದ್ದರು. ತಾನೇ ಬರೆದು ತಾನೇ ಅಚ್ಚು ಹಾಕಿಸುವವರಿಗೆ ಯಾರಿದ್ದಾರೆ? ಗಳಗನಾಥರು (೧೮೬೯–೧೯೪೨) ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಓದುಗನ ಬಾಗಿಲಿಗೇ ಹೋದವರಿಗೆ ಓದುಗನ ಮಾತು ಕಿವಿಗೆ ಬೀಳದೆ ಇರಲಾರದು. ಕನ್ನಡದಲ್ಲಿ ಆರೋಗ್ಯವನ್ನು ಕುರಿತು ಬರೆದ ಹೆಸರುವಾಸಿಗಳಲ್ಲಿ ಹಲವರು ಸ್ವತಃ ವೈದ್ಯರು. ‘ಕೊರವಂಜಿ’ಯ ಡಾ. ಎಂ. ಶಿವರಾಂ, ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ಗಳನ್ನು ಬರೆದ ಡಾ. ಅನುಪಮಾ ನಿರಂಜನ, ಮನೋರೋಗಗಳ ಬಗ್ಗೆ ನೂರಾರು ಪುಸ್ತಕ ಬರೆದಿರುವ ಡಾ. ಸಿ. ಆರ್. ಚಂದ್ರಶೇಖರ್ ಇವರನ್ನು ನೆನೆಯಬಹುದು. ಚಿಕಿತ್ಸೆಯ ಕೊಠಡಿಯಲ್ಲಿ ಎದುರಿಗೆ ಕುಳಿತ ರೋಗಿಯೇ ಇಂಥವರ ಮೊದಲ ಓದುಗ. ಈ ಸೌಕರ್ಯವಿಲ್ಲದವರು ಓದುಗನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಆರೋಗ್ಯದ ಪುಸ್ತಕಕ್ಕೆ ಓದುಗರ ಮಾತು ಎಷ್ಟು ಅವಶ್ಯವೆಂಬುದಕ್ಕೆ ಗಾಂಧೀಜಿಯವರದೇ ಒಂದು ನಿದರ್ಶನವಿದೆ. ೧೯೧೩ರಲ್ಲಿ ಅವರು ದಕ್ಷಿಣ ಆಫ್ರಿಕದ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಆರೋಗ್ಯವನ್ನು ಕುರಿತು ಗುಜರಾತಿಯಲ್ಲಿ ಲೇಖನಮಾಲೆ ಬರೆದರು. ಪತ್ರಿಕೆಯೂ ಅವರದೇ, ಡರ್ಬನ್ನಿನ ಬಳಿಯ ಫೀನಿಕ್ಸ್ ಆಶ್ರಮದಲ್ಲಿದ್ದ ಅಚ್ಚುಕೂಟವೂ ಅವರದೇ. ಅಂದಮೇಲೆ ಅದನ್ನು ಲೇಖಕನ ಸ್ವಂತ ಪ್ರಕಟಣೆ ಎನ್ನಲು ಅಡ್ಡಿಯಿಲ್ಲ. ಮುಂದೆ ೧೯೨೧ರಲ್ಲಿ ಮದರಾಸಿನಲ್ಲಿ ಅದರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ತಮ್ಮ ಬರಹಗಳಲ್ಲೆಲ್ಲ ಆ ಚಿಕ್ಕ ಪುಸ್ತಕವೇ ಹೆಚ್ಚು ಜನಪ್ರಿಯವಾಯಿತೆಂದೂ, ಪತ್ರಿಕೆಯನ್ನೇ ಕಾಣದ ಪೂರ್ವ-ಪಶ್ಚಿಮ ದೇಶಗಳ ಜನ ತಮಗೆ ಕಾಗದ ಬರೆಯುತ್ತಿದ್ದಾರೆಂದೂ ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಆ ಪುಸ್ತಕದಲ್ಲಿ ಅವರು, ಮಗುವಾಗಿದ್ದಾಗ ಕುಡಿಯುವ ತಾಯಿಯ ಹಾಲನ್ನು ಬಿಟ್ಟರೆ ಮನುಷ್ಯನಿಗೆ ಹಾಲೇ ಬೇಕಾಗಿಲ್ಲವೆಂದು ವಾದಿಸಿದ್ದರು. ಸ್ವತಃ ೧೯೧೨ರಲ್ಲಿ ಹಾಲು ಬಿಟ್ಟಿದ್ದರು. ಆದರೆ ೧೯೧೮ರಲ್ಲಿ ಭೇದಿ ಹಿಡಿದು ಮೇಲೇಳಲಾರದಂತಾದಾಗ, ಕಸ್ತೂರಬಾ ಅವರ ಸೂಚನೆಯಂತೆ ಆಡಿನ ಹಾಲನ್ನು ಒಪ್ಪಬೇಕಾಯಿತು. ಇಲ್ಲಿ ಗಮನಿಸಬೇಕಾದದ್ದು ಹಾಲಿನ ವಾದವಲ್ಲ. ಅನಂತರ ಅವರು ಮಾಡಿದ ಕೆಲಸ. ತಮ್ಮ ಪುಸ್ತಕವನ್ನು ನಂಬಿ ಹಾಲು ಬಿಟ್ಟವರು, ಅದರಿಂದ ಎಲ್ಲ ರೀತಿಯಲ್ಲೂ ಒಳಿತಾಗಿದ್ದರೆ ಅಥವಾ ಅನುಭವಿ ವೈದ್ಯರು ಹೇಳಿದ್ದರೆ ಹೊರತು, ಹಟ ಹಿಡಿಯಬಾರದೆಂದು ಆತ್ಮಕಥೆಯಲ್ಲಿ ಬಹಿರಂಗವಾಗಿ ಎಚ್ಚರಿಕೆ ಕೊಟ್ಟರು. ಅಷ್ಟೇ ಅಲ್ಲ, ಹಾಲಿನಷ್ಟೇ ಪುಷ್ಟಿಕರವಾದ ಸಸ್ಯಪದಾರ್ಥವೊಂದನ್ನು ಓದಿನಿಂದಲ್ಲದೆ ಅನುಭವದಿಂದ ಬಲ್ಲವರು ಯಾರಾದರೂ ಇದ್ದರೆ ತಮಗೆ ತಿಳಿಸಬೇಕೆಂದು ಕೇಳಿಕೊಂಡರು. ಅವರು ಓದುಗರಿಂದ ಬಯಸಿದ್ದು ಪುಸ್ತಕ ಹೇಗಿದೆಯೆಂಬ ಮಾತನ್ನಲ್ಲ, ಮಾಡಿ ನೋಡಿದವರ ಮಾತನ್ನು. ೧೯೪೨ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಅದೇ ವಿಷಯವನ್ನು ಕೈಗೆತ್ತಿಕೊಂಡು ಹೊಸದಾಗಿಯೇ ಬರೆದರು. (ಆಡಿನ ಹಾಲಿನ ಈ ವ್ರತಧಾರಿ ೧೯೨೭ರಲ್ಲಿ ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೂ ಬೆಂಗಳೂರಿಗೂ ಬಂದಾಗ, ಹೊಸೂರು ರಸ್ತೆಯ ಹೈನು ಸಂಸ್ಥೆಯಲ್ಲಿ ದನಗಳ ಸಾಕಣೆಯನ್ನು ಶ್ರದ್ಧೆಯಿಂದ ಕಲಿತದ್ದು ಒಂದು ಸೊಗಸಾದ ಸಂಗತಿ.)

ಇನ್ನು ನಮ್ಮ ಕಡೆಯ ವಿಚಾರ. ಹಲಸೂರಿನಲ್ಲಿ ನಿವೃತ್ತ ದಾದಿಯೊಬ್ಬರಿದ್ದಾರೆ. ಬೀದಿಯವರೆಲ್ಲ ಅವರನ್ನು ನರ್ಸಮ್ಮ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಕುರಿತು ತೊಂಬತ್ತಾರು ಪುಟಗಳ ಒಂದು ಪುಸ್ತಕ ಬರೆದು, ಪರಿಚಯದ ವೈದ್ಯರೊಬ್ಬರಿಗೆ ತೋರಿಸಿ, ಪಿಂಚಣಿಯ ಹಣದಿಂದ ಐನೂರು ಪ್ರತಿ ಅಚ್ಚು ಹಾಕಿಸಿದರು. ಮೊದಲು ತಮಗೆ ಪರಿಚಯವಿದ್ದವರಿಗೆ ತಾವೇ ಹಂಚಿ ಅಭಿಪ್ರಾಯ ಕೇಳಿದರು. ಒಂದು ತಿಂಗಳಲ್ಲಿ ಹನ್ನೊಂದು ಚೀಟಿಗಳು ಬಂದವು. ಹನ್ನೊಂದೂ ಹೊಗಳಿಕೆಯೇ. ‘ಸರಳ ಸುಂದರ ಶೈಲಿ’, ‘ಪ್ರತಿ ಮನೆಯಲ್ಲೂ ಇರಬೇಕಾದ ಕೃತಿ’, ‘ಲೇಖಕಿಗೆ ಉಜ್ಜ್ವಲ ಭವಿಷ್ಯವಿದೆ’. ಈ ಕೊನೆಯದನ್ನು ಓದಿ ಅರುವತ್ತೈದು ವರ್ಷದ ನರ್ಸಮ್ಮ ಬಹಳ ನಕ್ಕರು. ಇಂದಿರಾನಗರದ ಹಿರಿಯರೊಬ್ಬರು ಮುತ್ತಿನಂಥ ಅಕ್ಷರದಲ್ಲಿ ಒಂದು ಪುಟದ ಪ್ರಶಂಸೆ ಬರೆದು, ಇನ್ನಾರಿಗಾದರೂ ಉಪಯೋಗವಾಗಲೆಂದು ಪುಸ್ತಕವನ್ನೂ ಹಿಂದಿರುಗಿಸಿದ್ದರು. ಆ ಪ್ರತಿಯಲ್ಲಿ ಬೈಂಡಿನವರು ಸರಿಯಾಗಿ ಕತ್ತರಿಸದೆ ಬಿಟ್ಟ ಎರಡು ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಇದ್ದವು. ಆಹಾರದ ಅಧ್ಯಾಯವಿದ್ದದ್ದು ಆ ಹಾಳೆಗಳ ಒಳಗೆ.

ಅವರನ್ನು ಅಪ್ರಾಮಾಣಿಕರೆಂದು ನಾನು ಹೇಳಲಾರೆ. ನಮ್ಮಲ್ಲಿ ಮನೆಗೆ ಬಂದು ಪುಸ್ತಕ ಕೊಟ್ಟವರ ಮುಖಕ್ಕೆ ‘ಇದು ತಿಳಿಯಲಿಲ್ಲ’ ಎನ್ನುವುದು ಊಟಕ್ಕೆ ಕರೆದವರಿಗೆ ‘ಸಾರು ಉಪ್ಪಾಯಿತು’ ಎಂದಂತೆ. ಮರ್ಯಾದೆ ಅಡ್ಡ ಬರುತ್ತದೆ. ಪುಸ್ತಕವನ್ನು ಬಿಟ್ಟಿಯಾಗಿ ಪಡೆದಿದ್ದರೆ ಮತ್ತಷ್ಟು ದಾಕ್ಷಿಣ್ಯ. ಆದ್ದರಿಂದ ಎರಡನೆಯ ಸಲ ನರ್ಸಮ್ಮ ತಾವು ಹೋಗದೆ, “ಏನಪ್ಪಾ, ಬಿ.ಎ. ಓದ್ತಿದೀಯ, ನೀನೇ ಕೇಳ್ಕೊಂಡು ಬಾ” ಎಂದು ಮೂವತ್ತು ಪ್ರತಿಗಳನ್ನು ನನ್ನ ಕೈಗೆ ಕೊಟ್ಟರು. ಬರೆದವರು ಯಾರೆಂದು ತೋರದಿರಲೆಂದು ಹೊದಿಕೆಗೆ ಖಾಕಿ ಕಾಗದ ಹಾಕಿದೆವು. ಅವರಿಗೆ ಪರಿಚಯವೇ ಇಲ್ಲದ, ಕಾಯಿಲೆ ಇರುವ ಮನೆಗಳನ್ನು ಆರಿಸಿಕೊಂಡೆ: ಶಿವಾಜಿನಗರದಲ್ಲಿ ಕೆಲವು, ಹಲಸೂರಿನ ಕೆರೆಯ ಆಚೆ ಬದಿಯಲ್ಲಿ ಕೆಲವು, ಉಳಿದವು ನಮ್ಮ ಕೃಷ್ಣರಾಜಪುರದಲ್ಲಿ. ೨೦೨೩ರ ಅಕ್ಟೋಬರಿನಿಂದ ಕೃಷ್ಣರಾಜಪುರದಿಂದ ಹಲಸೂರಿಗೆ ಮೆಟ್ರೋ ರೈಲು ನೇರವಾಗಿ ಓಡುತ್ತಿರುವುದರಿಂದ, ಕಾಲೇಜು ಮುಗಿಸಿ ಸಂಜೆ ಹೋಗಿಬರುವುದು ಕಷ್ಟವಾಗಲಿಲ್ಲ.

ಏನು ಕೇಳಬೇಕು ಎಂಬುದೇ ದೊಡ್ಡ ಪ್ರಶ್ನೆ. ತರಗತಿಯಲ್ಲಿ ‘ಅರ್ಥವಾಯಿತೇ?’ ಎಂದು ಕೇಳಿದರೆ ನಾವೆಲ್ಲ ಒಕ್ಕೊರಲಿನಿಂದ ‘ಹೌದು ಸಾರ್’ ಎನ್ನುತ್ತೇವಷ್ಟೆ, ಗುರುಗಳು ಮನ್ನಿಸಬೇಕು. ಅದೇ, ಒಬ್ಬನನ್ನು ಎಬ್ಬಿಸಿ ‘ನಿನ್ನ ಮಾತಿನಲ್ಲಿ ಹೇಳು’ ಎಂದರೆ ನಿಜಾಂಶ ಹೊರಬೀಳುತ್ತದೆ. ವೈದ್ಯರು ಹೇಳಿದ್ದನ್ನು ರೋಗಿಯ ಬಾಯಿಂದಲೇ ತಿರುಗಿ ಹೇಳಿಸುವ ಕ್ರಮ ಈಗ ಆಸ್ಪತ್ರೆಗಳ ಶಿಕ್ಷಣದಲ್ಲಿಯೂ ಬಂದಿದೆ. ನಾನು ಪುಸ್ತಕ ಚೆನ್ನಾಗಿದೆಯೆ ಎಂದು ಯಾರನ್ನೂ ಕೇಳಲಿಲ್ಲ. ಹದಿನೈದು ದಿನ ಬಿಟ್ಟು ಹೋಗಿ, ಎಲ್ಲಿಯವರೆಗೆ ಓದಿದಿರಿ, ಎಲ್ಲಿ ನಿಲ್ಲಿಸಿದಿರಿ, ಓದಿದ ಮೇಲೆ ಮನೆಯಲ್ಲಿ ಏನನ್ನಾದರೂ ಬದಲಾಯಿಸಿದಿರಾ, ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ ಎಂದಷ್ಟೇ ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ತಿದ್ದಿ ಗ್ರಾಂಥಿಕವಾಗಿ ಬರೆದರೆ ಅರ್ಧ ಸತ್ಯ ಅಲ್ಲೇ ಸೋರಿಹೋಗುತ್ತದೆ.

ಬಂದ ಉತ್ತರಗಳು ಬಹಳ ಸ್ವಾರಸ್ಯವಾಗಿದ್ದವು. ‘ಒಂದು ಬಟ್ಟಲು ಅನ್ನ’ ಎಂದು ಪುಸ್ತಕದಲ್ಲಿತ್ತು. ಒಂದು ಮನೆಯಲ್ಲಿ ಬಟ್ಟಲೆಂದು ತಂದು ತೋರಿಸಿದ್ದು ಪಾಯಸದ ಪುಟ್ಟ ಬಟ್ಟಲನ್ನು, ಇನ್ನೊಂದು ಮನೆಯಲ್ಲಿ ನಾನು ಎರಡು ಸಲ ಉಣ್ಣುವಷ್ಟು ಹಿಡಿಯುವ ಪಾತ್ರೆಯನ್ನು. ‘ಮಧ್ಯಮ ಗಾತ್ರದ ಮುದ್ದೆ’ ಎಂಬುದರ ಗತಿಯೂ ಅದೇ. ಕೃಷ್ಣರಾಜಪುರದ ಹಳೆಯ ಊರಿನ ಯಜಮಾನರೊಬ್ಬರು ಎರಡು ಕೈಯನ್ನೂ ಸೇರಿಸಿ ತೋರಿಸಿದ ಮಧ್ಯಮ ಗಾತ್ರವನ್ನು ಕಂಡರೆ ನರ್ಸಮ್ಮ ಎದೆ ಹಿಡಿದುಕೊಳ್ಳುತ್ತಿದ್ದರು. ‘ಪ್ರತಿದಿನ ಮುಂಜಾನೆ ಅರ್ಧ ಗಂಟೆ ನಡೆಯಿರಿ’ ಎಂಬ ಸಾಲನ್ನು ಕೇಳಿ, ನಸುಕಿಗೇ ಎದ್ದು ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸೊಬ್ಬರು, “ಇದು ನಮಗೆ ಬರ್ದಿರೋದಲ್ಲ ಬುಡು” ಎಂದು ಪುಸ್ತಕವನ್ನು ಮುಚ್ಚಿಟ್ಟರು. ಆ ಒಂದು ಸಾಲಿನಿಂದ ಮುಂದಿನ ಎಪ್ಪತ್ತು ಪುಟಗಳು ಅವರಿಗೆ ಇಲ್ಲವಾದವು. ಪಾದಗಳ ಆರೈಕೆಯ ಅಧ್ಯಾಯ, ದಿನವಿಡೀ ನಿಂತು ದುಡಿಯುವ ಅವರಿಗೇ ಮುಖ್ಯವಾಗಿ ಬೇಕಾದದ್ದು, ಆ ಎಪ್ಪತ್ತು ಪುಟಗಳಲ್ಲಿತ್ತು. ಇಂದಿರಾನಗರದ ಪ್ರಶಂಸಾಪತ್ರದಿಂದ ಇದು ಗೊತ್ತಾಗುವಂತಿರಲಿಲ್ಲ.

ಓದುಗ ಎಂದರೆ ಓದಲು ಬಲ್ಲವನೇ ಆಗಬೇಕೆಂದಿಲ್ಲವೆಂಬುದೂ ಇಲ್ಲಿಯೇ ನನಗೆ ತಿಳಿದದ್ದು. ದಂಡುಪ್ರದೇಶದ ಬೀದಿಗಳಲ್ಲಿ ತಮಿಳು, ದಖ್ಖನಿ ಉರ್ದು, ತೆಲುಗು, ಕನ್ನಡ ಎಲ್ಲವೂ ಒಂದೇ ನಲ್ಲಿಯ ಮುಂದೆ ಸಾಲುಗಟ್ಟುತ್ತವೆ. ಕನ್ನಡವನ್ನು ಆಡುವವರಲ್ಲಿ ಓದಬಲ್ಲವರು ಶಾಲೆಯ ಮಕ್ಕಳು ಮಾತ್ರ ಇರುವ ಮನೆಗಳು ಬಹಳ. ಅಲ್ಲಿ ಪುಸ್ತಕವನ್ನು ಮಗು ಗಟ್ಟಿಯಾಗಿ ಓದುತ್ತದೆ, ತಾಯಿ ಒಗ್ಗರಣೆ ಹಾಕುತ್ತ ಕೇಳುತ್ತಾಳೆ. ಮಗು ತನಗೆ ಬಾರದ ಪದವನ್ನು ಹಾರಿಸಿಬಿಡುತ್ತದೆ. ‘ಮಿತಾಹಾರ’, ‘ಪಥ್ಯಾಪಥ್ಯ’ ಇವೆಲ್ಲ ಹೀಗೆ ಹಾರಿಹೋದ ಪದಗಳು.

ನಮ್ಮ ಮನೆಯಲ್ಲಿಯೂ ಹೀಗೆಯೇ. ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಚ್ಚಾದ ಕಾಗದವೆಂದರೆ ನಮ್ಮವರಿಗೆ ಬಹಳ ಗೌರವ, ಸ್ವಲ್ಪ ಭಯವೂ ಕೂಡ; ಏಕೆಂದರೆ ಅದು ಬರುತ್ತಿದ್ದುದು ಸಾಮಾನ್ಯವಾಗಿ ಕಚೇರಿಯಿಂದ ಅಥವಾ ಆಸ್ಪತ್ರೆಯಿಂದ. ಹೆಚ್ಚು ಓದಿದವರು ಹತ್ತು ಪುಸ್ತಕ ಓದಿ ಹತ್ತನ್ನೂ ಮರೆಯುತ್ತಾರೆ. ಒಂದೇ ಪುಸ್ತಕವನ್ನು ಕೇಳಿದವರು ಅದರಂತೆ ನಡೆಯುತ್ತಾರೆ. ಲೇಖಕರಿಗೆ ಅಭಿಪ್ರಾಯ ಬರೆದು ಕಳಿಸುವವರು ಮೊದಲಿನವರು. ಪುಸ್ತಕದ ಒಳಿತು ಕೆಡುಕುಗಳನ್ನು ಮೈಮೇಲೆ ಹೊರುವವರು ಎರಡನೆಯವರು.

ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು ಎಂದು ದಪ್ಪಕ್ಷರದಲ್ಲಿತ್ತು. ವೈದ್ಯರು ನೋಡಿ ಒಪ್ಪಿದ ಸಾಲು, ತಪ್ಪೇನೂ ಇಲ್ಲ. ಕೃಷ್ಣರಾಜಪುರದ ಸಂತೆಯಲ್ಲಿ ಸೊಪ್ಪು ಮಾರುವ ಅಕ್ಕನೊಬ್ಬರಿಗೆ ಏಳನೆಯ ತರಗತಿಯ ಮೊಮ್ಮಗಳು ಅದನ್ನು ಓದಿ ಹೇಳಿದ್ದಳು. ಓದಿದ ಮೇಲೆ ಏನು ಬದಲಾಯಿಸಿದಿರಿ ಅಕ್ಕಾ ಎಂದು ನಾನು ಕೇಳಿದಾಗ ಅವರು ಹೇಳಿದ್ದನ್ನು ಬರೆದುಕೊಂಡಂತೆಯೇ ಕೊಡುತ್ತೇನೆ: “ಮುಂಚೆ ಸನಿವಾರ ಒಪ್ಪೊತ್ತು ಇದ್ದಾಗ ಮಾತ್ರೆ ಬುಟ್ಬುಡ್ತಿದ್ದೆ ಕಣಪ್ಪ. ಒಂದಿನಾನೂ ತಪ್ಪುಸ್ಬಾರ್ದು ಅಂತ ಬರ್ದವ್ರಲ್ಲ, ಅದ್ಕೇ ಈಗ ಬರೇ ಹೊಟ್ಟೇಲೇ ನುಂಗ್ತೀನಿ. ಹೋದ್ಸನಿವಾರ ಹತ್ಗಂಟೆಗೆಲ್ಲ ಮೈಯೆಲ್ಲ ಬೆವ್ರು, ಕೈಯೆಲ್ಲ ನಡುಕ, ತಕ್ಕಡಿ ಹಿಡಿಯಕ್ಕಾಗ್ನಿಲ್ಲ. ಪಕ್ಕದೋರು ಟೀ ಕೊಡ್ಸುದ್ರು, ಸರಿಹೋಯ್ತು. ಪುಸ್ತಕ ಚೆನ್ನಾಗೈತೆ.”

ಕೊನೆಯ ಆ ಎರಡು ಪದಗಳನ್ನು ಗಮನಿಸಬೇಕು. ‘ಹೇಗಿದೆ’ ಎಂದು ಕೇಳಿದ್ದರೆ ನನಗೆ ಸಿಗುತ್ತಿದ್ದದ್ದು ಅವೆರಡೇ. ಸಕ್ಕರೆ ಇಳಿಸುವ ಕೆಲವು ಬಗೆಯ ಮಾತ್ರೆಗಳನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ, ಡೆಸಿಲೀಟರಿಗೆ ೭೦ ಮಿಲಿಗ್ರಾಮಿಗಿಂತ ಕೆಳಕ್ಕೆ, ಇಳಿಯಬಹುದು. ಬೆವರು, ನಡುಕ, ಮಂಕು ಅದರ ಗುರುತು. ಕೂಡಲೇ ಸಕ್ಕರೆಯನ್ನೋ ಸಕ್ಕರೆ ನೀರನ್ನೋ ಕೊಡದಿದ್ದರೆ ಪ್ರಜ್ಞೆ ತಪ್ಪುವುದೂ ಉಂಟು, ಪ್ರಾಣಕ್ಕೆ ಬರುವುದೂ ಉಂಟು. ಪಕ್ಕದ ಅಂಗಡಿಯವರು ಕೊಡಿಸಿದ ಟೀಗೆ ಸಕ್ಕರೆ ಧಾರಾಳವಾಗಿ ಹಾಕಿದ್ದರೆಂಬುದು ಆಕೆಯ ಪುಣ್ಯ.

ಅದೇ ವಾರ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯ ಒಂದು ಮನೆಯಲ್ಲಿ, ಮಗಳು ಓದಿ ಹೇಳುವುದನ್ನು ಕೇಳಿದ ತಾಯಿ ನನ್ನನ್ನೇ ಪ್ರಶ್ನಿಸಿದರು: “ರಂಜಾನ್ ತಿಂಗಳಲ್ಲಿ ಬೆಳಗಿನ ಮಾತ್ರೆ ಯಾವಾಗ ತಗೊಳ್ಳೋದು ಬೇಟಾ? ಅದು ಇದರಲ್ಲಿ ಇಲ್ವಲ್ಲ?” ಒಬ್ಬರನ್ನೊಬ್ಬರು ಕಾಣದ, ಬೇರೆ ಬೇರೆ ಮಾತಿನ, ಬೇರೆ ಬೇರೆ ವ್ರತದ ಇಬ್ಬರು ಹೆಂಗಸರ ಬೆರಳು ಒಂದೇ ಪುಟದ ಮೇಲೆ ಬಿದ್ದಿತ್ತು. ಹೊಗಳಿದ ಹನ್ನೊಂದು ಮಂದಿಯಲ್ಲಿ ಆ ಪುಟವನ್ನು ಹೆಸರಿಸಿದವರೇ ಇರಲಿಲ್ಲ.

ಎರಡನ್ನೂ ಬರೆದುಕೊಂಡು ಅಂದೇ ರಾತ್ರಿ ಹಲಸೂರಿಗೆ ಹೋದೆ. ನರ್ಸಮ್ಮ ಓದಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಅಕ್ಕ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂದು ಕೇಳಿದರು. ನನಗೆ ತಿಳಿದಿರಲಿಲ್ಲ. ಮಾರನೆಯ ಬೆಳಿಗ್ಗೆ ಅವರೇ ಸಂತೆಗೆ ಬಂದು, ಸೊಪ್ಪಿನ ರಾಶಿಯ ಮುಂದೆ ಕೂತು, ಮಾತ್ರೆಯ ಹಾಳೆಯನ್ನು ತರಿಸಿ ನೋಡಿ, ಉಪವಾಸದ ದಿನ ಏನು ಮಾಡಬೇಕೆಂದು ವೈದ್ಯರನ್ನೇ ಕೇಳಲು ಆಕೆಯನ್ನು ಕರೆದುಕೊಂಡು ಹೋದರು.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಆರೋಗ್ಯದ ಪುಸ್ತಕ ನಿಜವೋ ಸುಳ್ಳೋ ಎಂಬುದನ್ನು ಓದುಗನ ಅಭಿಪ್ರಾಯದಿಂದ ತೀರ್ಮಾನಿಸಲಾಗದು. ‘ಪುಸ್ತಕದಂತೆ ನಡೆದೆ, ಗುಣವಾಯಿತು’ ಎಂಬ ಕಾಗದವೇ ಲೇಖಕರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಎಲ್ಲಕ್ಕಿಂತ ಕಡಿಮೆ ಬೆಲೆಯದೂ ಅದೇ. ನೆಗಡಿ ಪುಸ್ತಕ ಓದಿದರೂ ಹೋಗುತ್ತದೆ, ಓದದಿದ್ದರೂ ಹೋಗುತ್ತದೆ. ಗುಣವಾಗದವನು ಕಾಗದ ಬರೆಯುವುದಿಲ್ಲ. ಈ ಭ್ರಮೆಯನ್ನು ಕಳೆಯಲೆಂದೇ ವೈದ್ಯಶಾಸ್ತ್ರದಲ್ಲಿ ರೋಗಿಗಳನ್ನು ಅದೃಷ್ಟಕ್ಕೆ ಬಿಟ್ಟು ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಕೊಟ್ಟು ಇನ್ನೊಂದರೊಡನೆ ಹೋಲಿಸುವ ಪದ್ಧತಿ ಬಂದದ್ದು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ಬ್ರಿಟನ್ನಿನಲ್ಲಿ ೧೯೪೮ರಲ್ಲಿ ಪ್ರಕಟಿಸಿದ ಪರೀಕ್ಷೆ ಅದರ ಪ್ರಸಿದ್ಧ ಉದಾಹರಣೆ. ಮಧುಮೇಹವೇ ಮೊದಲಾದ ಹಲವು ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧಕ್ಕೆ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ ೧೯೫೪ರ ಕಾನೂನೊಂದು ನಿಷೇಧಿಸಿದೆ. ಪುಸ್ತಕ ಸರಿಯೇ ಎಂದು ಬಲ್ಲವರನ್ನು ಕೇಳಬೇಕು, ಪುಸ್ತಕ ಮುಟ್ಟಿತೇ ಎಂದು ಓದುಗರನ್ನು. ನಲವತ್ತೊಂದನೆಯ ಪುಟ ಮೊದಲನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎರಡನೆಯದರಲ್ಲಿ ಉರುಳಿತು.

ಪುಸ್ತಕಗಳು ಇಂದು ಅಂತರಜಾಲದ ಅಂಗಡಿಗಳಲ್ಲಿಯೂ ಮಾರಾಟವಾಗುವುದರಿಂದ ನಕ್ಷತ್ರಗಳ ವಿಷಯವನ್ನೂ ಒಂದು ಮಾತು ಹೇಳಿ ಮುಗಿಸುತ್ತೇನೆ. ಐದು ನಕ್ಷತ್ರ ಹಾಕಿಸಲು ನೆಂಟರಿಗೆ ಹೇಳುವವರೂ, ದುಡ್ಡು ಕೊಟ್ಟು ಹೊಗಳಿಕೆ ಕೊಳ್ಳುವವರೂ ಇದ್ದಾರೆ. ಅಮೆಜಾನ್ ಅಂಗಡಿಯ ನಿಯಮದಂತೆ ಲೇಖಕರ ಮನೆಯವರು, ಆಪ್ತ ಸ್ನೇಹಿತರು ಅಭಿಪ್ರಾಯ ಬರೆಯುವಂತಿಲ್ಲ. ಭಾರತೀಯ ಮಾನಕ ಬ್ಯೂರೋ ೨೦೨೨ರಲ್ಲಿ ಗ್ರಾಹಕರ ಅಭಿಪ್ರಾಯಗಳಿಗಾಗಿಯೇ ಒಂದು ಮಾನಕವನ್ನು ಪ್ರಕಟಿಸಿತು. ಉಚಿತ ಪ್ರತಿ ಪಡೆದು ಬರೆದವರು ಹಾಗೆಂದು ತಿಳಿಸುವುದು ಸಭ್ಯತೆ. ಒಳ್ಳೆಯ ಅರ್ಧ ವಾಕ್ಯವನ್ನು ಇಟ್ಟುಕೊಂಡು ಉಳಿದರ್ಧದ ಜಾಗದಲ್ಲಿ ಮೂರು ಚುಕ್ಕಿ ಇಡುವ ನಮ್ಮ ಹಳೆಯ ಚಾಳಿಗೆ ಮಾತ್ರ ಯಾವ ಮಾನಕವೂ ಬೇಡ, ಬಿಟ್ಟರಾಯಿತು.

ಮಾರದೆ ಉಳಿದಿದ್ದ ಪ್ರತಿಗಳಿಗೆಲ್ಲ ನರ್ಸಮ್ಮ ಒಂದು ಒಪ್ಪೋಲೆ ಅಚ್ಚು ಹಾಕಿಸಿ ನಲವತ್ತೊಂದನೆಯ ಪುಟಕ್ಕೆ ಅಂಟಿಸಿದರು. ಉಪವಾಸ, ಒಪ್ಪೊತ್ತು, ರೋಜಾ ಎಂದು ಮೂರು ಪದಗಳನ್ನೂ ಹಾಕಿ, ಅಂಥ ದಿನಗಳು ಬರುವ ಮೊದಲೇ ಮಾತ್ರೆಯ ವಿಷಯವನ್ನು ವೈದ್ಯರಲ್ಲಿ ಕೇಳಬೇಕೆಂದೂ, ಬೆವರು ನಡುಕ ಬಂದರೆ ವ್ರತವನ್ನು ಬಿಟ್ಟು ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಬೇಕೆಂದೂ ಅದರಲ್ಲಿದೆ. ಮೊದಲೇ ಕೊಂಡುಹೋದವರಲ್ಲಿ ವಿಳಾಸ ಸಿಕ್ಕವರ ಮನೆಗಳಿಗೆ ನಾನೂ ನನ್ನ ಇಬ್ಬರು ಸಹಪಾಠಿಗಳೂ ಹೋಗಿ ಅಂಟಿಸಿ ಬಂದೆವು. ಎರಡನೆಯ ಮುದ್ರಣ ಈಗ ಸಿದ್ಧವಾಗುತ್ತಿದೆ. ನಡಿಗೆಯ ಅಧ್ಯಾಯ ಪಾದಗಳ ಅಧ್ಯಾಯದ ಹಿಂದಕ್ಕೆ ಹೋಗಿದೆ. ರಕ್ಷಾಪುಟದ ಮೇಲೆ ಗಣ್ಯರ ಮಾತುಗಳನ್ನು ಹಾಕೋಣವೆಂದು ಅಚ್ಚಿನವರು ಹೇಳಿದಾಗ ನರ್ಸಮ್ಮ ಒಪ್ಪದೆ, ಸೊಪ್ಪಿನ ಅಕ್ಕನ ಮಾತನ್ನು ‘ಸನಿವಾರ’ವನ್ನೂ ತಿದ್ದದೆ ಹಾಗೆಯೇ ಹಾಕಿಸುತ್ತಿದ್ದಾರೆ, ಹೆಸರು ಬೇಡವೆಂದು ಆಕೆ ಹೇಳಿದ್ದರಿಂದ ‘ಕೃಷ್ಣರಾಜಪುರದ ಸಂತೆಯವರು’ ಎಂದಷ್ಟೇ ಇರುತ್ತದೆ. ಬಟ್ಟಲಿಗೆ ಬದಲಾಗಿ ಪಡಿತರ ಅಂಗಡಿಯ ಅಕ್ಕಿಯನ್ನು ಮುಷ್ಟಿಯಲ್ಲಿ ಅಳೆದು ಬರೆದಿದ್ದಾರೆ. ಮುದ್ದೆಯ ಗಾತ್ರವೊಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.